ಓದುಗರ ಪ್ರಶ್ನೆ: ಪಣಜಿಯ ಹಳೆಯ ಕೇರಿಯಲ್ಲಿ ಇಬ್ಬರಿಗೆ ಒಂದು ಕೋಣೆ

ಪ್ರಶ್ನೆ: ನಾನು ಕಾರವಾರದವನು. ಶಿರಸಿಯವನಾದ ನನ್ನ ಸಂಗಾತಿಯೂ ನಾನೂ ಪಣಜಿಯ ಫಾಂಟೈನ್ಹಾಸ್ ಕೇರಿಯ ಹಳೆಯ ಮನೆಯೊಂದರಲ್ಲಿ ನಡೆಯುತ್ತಿರುವ ಸಣ್ಣ ಹೋಟೆಲಿನಲ್ಲಿ ಎರಡು ರಾತ್ರಿ ಉಳಿಯಬೇಕೆಂದಿದ್ದೇವೆ. ಸಲಿಂಗಿ ಜೋಡಿಗಳಿಗೂ ಸ್ವಾಗತವಿದೆ ಎಂದು ಅವರೇ ಬರೆದುಕೊಂಡಿದ್ದಾರೆ. ಆ ಮಾತನ್ನು ಎಷ್ಟು ನಂಬಬಹುದು? ಒಂದೇ ಹಾಸಿಗೆಯ ಕೋಣೆ ಕೇಳಿದರೆ ಕಾನೂನಿನ ತೊಡಕು ಬರುವುದೇ? ಸುದ್ದಿ ಮನೆಗೆ ಮುಟ್ಟೀತೆಂಬ ಅಂಜಿಕೆಯೂ ಇದೆ.
– ಹೆಸರು ಬೇಡ, ಕಾರವಾರ

ಉತ್ತರ: ಕಾನೂನಿನ ಅಂಜಿಕೆಯನ್ನು ಮೊದಲು ಬದಿಗಿಡಿ. ವಯಸ್ಕರ ನಡುವೆ ಪರಸ್ಪರ ಒಪ್ಪಿಗೆಯಿಂದ ಕೂಡಿದ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ನೆಯ ಕಲಮಿಗೆ ಜಾಗವೇ ಇಲ್ಲ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಅದೇ ನ್ಯಾಯಾಲಯ 2023ರಲ್ಲಿ ಒಪ್ಪಲಿಲ್ಲ ಎಂಬುದು ನಿಜವಾದರೂ, ಕೋಣೆ ಪಡೆಯಲು ಮದುವೆಯ ದಾಖಲೆ ಬೇಕೆಂಬ ಕಾನೂನು ಗಂಡು ಹೆಣ್ಣಿನ ಜೋಡಿಗೂ ಇಲ್ಲದಿರುವುದರಿಂದ, ಅದು ನಿಮಗೆ ಇಲ್ಲಿ ಅಡ್ಡ ಬರುವುದಿಲ್ಲ. ಇಬ್ಬರೂ ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನು ಕೊಟ್ಟರೆ ಒಳ್ಳೆಯದು.

ಇನ್ನು ನಂಬಿಕೆಯ ಮಾತು. ಇಬ್ಬರು ಗಂಡಸರು ಒಂದು ಕೋಣೆ ಹಿಡಿಯುವುದು ನಮ್ಮಲ್ಲಿ ಯಾರಿಗೂ ಹೊಸತಲ್ಲ. ಅಂಕೋಲೆ, ಕುಮಟೆಯ ಲಾಡ್ಜುಗಳಲ್ಲಿ ಅದನ್ನು ಕೇಳುವವರೇ ಇಲ್ಲ. ಹುಬ್ಬು ಮೇಲೇರುವುದು ಒಂದೇ ಹಾಸಿಗೆ ಎಂದಾಗ. ಆಗಲೂ ಯಾರೂ ಎದುರು ಮಾತಾಡದೆ, ಉಪಕಾರ ಮಾಡಿದಂತೆ ಎರಡು ಮಂಚಗಳ ಕೋಣೆಯ ಬೀಗದ ಕೈ ಕೊಟ್ಟುಬಿಡಬಹುದು. ಜಾಹೀರಾತಿನ ಸಾಲು ಬರೆದವರು ಮಾಲೀಕರು, ರಾತ್ರಿ ಕೌಂಟರಿನಲ್ಲಿ ಕೂತಿರುವವನು ಬೇರೆ. ಆದ್ದರಿಂದ ಹಣ ಕಟ್ಟುವ ಮೊದಲೇ, "ನಾವಿಬ್ಬರು ಪುರುಷರು, ಜೋಡಿಯಾಗಿ ಬರುತ್ತಿದ್ದೇವೆ, ಒಂದೇ ದೊಡ್ಡ ಹಾಸಿಗೆಯ ಕೋಣೆ ಬೇಕು" ಎಂದು ಇಬ್ಬರ ಹೆಸರನ್ನೂ ಸೇರಿಸಿ ಬರೆದು, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಉತ್ತರ ನುಣುಚಿಕೊಳ್ಳುವಂತಿದ್ದರೆ ಬೇರೆ ಹೋಟೆಲು ನೋಡಿ. ಒಪ್ಪಿ ಹಣ ಪಡೆದ ಮೇಲೆ ಕೋಣೆ ನಿರಾಕರಿಸಿದರೆ, ಆ ಪತ್ರವನ್ನೇ ಆಧಾರವಾಗಿಟ್ಟುಕೊಂಡು ಸೇವಾಲೋಪದ ದೂರು ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದಾದ್ದರಿಂದ ಕಾರವಾರದಲ್ಲೇ ಕೆಲಸವಾಗುತ್ತದೆ. ಮಧ್ಯರಾತ್ರಿ ಕೌಂಟರಿನ ಮುಂದೆ ನಿಂತು ವಾದಿಸುವುದಕ್ಕಿಂತ ಇದು ಮೇಲು.

ಸಣ್ಣ ಹೋಟೆಲೆಂದರೆ ಒಲವಿನ ಜೊತೆಗೆ ಒಂದಿಷ್ಟು ಕಣ್ಗಾವಲೂ ಇರುತ್ತದೆ ಎಂಬುದನ್ನು ಮರೆಯಬೇಡಿ. ಆಲ್ತಿನೋ ಗುಡ್ಡದ ಬುಡದಿಂದ ಓರೆಮ್ ಹಳ್ಳದವರೆಗೆ ಹರಡಿರುವ ಆ ಕೇರಿಯ ಕಟ್ಟಡಗಳು ವಾಸಕ್ಕೆಂದು ಕಟ್ಟಿದ ಮನೆಗಳು. ಮರದ ಅಟ್ಟದ ಮೇಲಿನ ಹೆಜ್ಜೆ ಕೆಳಗೆ ಕೇಳಿಸುತ್ತದೆ, ಪಕ್ಕದ ಮನೆಯ ಕಿಟಕಿ ಕೈಯಳತೆಯಲ್ಲಿರಬಹುದು, ಎಷ್ಟೋ ಕಡೆ ಮಾಲೀಕರ ಕುಟುಂಬವೂ ಅಲ್ಲಿಯೇ ಇರುತ್ತದೆ. ಬೆಳಗಿನ ತಿಂಡಿಯ ಮೇಜಿನಲ್ಲಿ ಹೆಸರು ಹಿಡಿದು ಮಾತಾಡಿಸುತ್ತಾರೆ. ಇದು ಹಿತವೆನಿಸುವವರಿಗೆ ಇಂಥ ಜಾಗಕ್ಕೆ ಸಮನಿಲ್ಲ. ಮುಜುಗರವೆನಿಸುವುದಾದರೆ ಯಾರೂ ಯಾರನ್ನೂ ಗಮನಿಸದ ದೊಡ್ಡ ಹೋಟೆಲೇ ವಾಸಿ. ರಾತ್ರಿ ಮುಂಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆಂದೂ ಮೊದಲೇ ಕೇಳಿಕೊಳ್ಳಿ.

ಹೋಟೆಲಿನವರು ನಿಮ್ಮ ಮನೆಗೆ ತಿಳಿಸಬೇಕಾದ ಕಾರಣ ಯಾವುದೂ ಇಲ್ಲ. ನನಗೆ ಹೆಚ್ಚು ಚಿಂತೆಯೆನಿಸುವುದು ಅಪ್ಪನೋ ಅಣ್ಣನೋ ನೋಡುವ ಇಮೇಲು ಮತ್ತು ಬ್ಯಾಂಕ್ ಖಾತೆ. ಬುಕಿಂಗ್ ಮಾಡುವುದು ಯಾರೂ ಮುಟ್ಟದ ಖಾತೆಯಿಂದಾಗಲಿ. ನಿಮಗೆ ಗೋವೆ ಪರವೂರೂ ಅಲ್ಲ: ನೆಂಟಸ್ತಿಕೆಗೆ, ಬಾಂಬೋಳಿಯ ಆಸ್ಪತ್ರೆಗೆ ಎಂದು ಕಾರವಾರದವರು ಅಲ್ಲಿ ಓಡಾಡುತ್ತಲೇ ಇರುತ್ತಾರೆ. ಹಗಲಿಡೀ ಬಣ್ಣದ ಗೋಡೆಗಳೆದುರು ಫೋಟೊ ತೆಗೆಯುವವರ ಗದ್ದಲವೂ ಇರುವುದರಿಂದ, ಗುರುತು ಸಿಗಬಾರದೆಂಬ ಹಟ ನಿಮಗಿದ್ದರೆ ಆ ಕೇರಿ ತಕ್ಕ ಜಾಗವಲ್ಲ. ಗೆಳೆಯನ ಜೊತೆ ಬಂದಿದ್ದೇನೆ ಎಂದು ಹೇಳಿ ಮುಂದೆ ನಡೆಯಬಲ್ಲಿರಾದರೆ ಧಾರಾಳವಾಗಿ ಹೋಗಿ.

ಪಣಜಿ ಪೇಟೆಯಲ್ಲಿ ರೈಲು ನಿಲ್ದಾಣವಿಲ್ಲ. ಕಾರವಾರದಿಂದ ಮಡಗಾಂವಿನವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಗೋವೆಯ ಸರ್ಕಾರಿ ಸಾರಿಗೆಯಾದ ಕದಂಬ ಬಸ್ಸು ಹಿಡಿದು, ಬೆಳಕಿರುವಾಗಲೇ ತಲುಪಿದರೆ, ಕೌಂಟರಿನಲ್ಲಿ ಏನಾದರೂ ತಕರಾರಾದರೂ ಬೇರೆ ಕೋಣೆ ಹುಡುಕಲು ಹೊತ್ತಿರುತ್ತದೆ.