ಕಿರೀಟ, ಕರಿಕೋಟು, ಬಿ ಫಾರಂ: ಓದುಗರ ಪ್ರಶ್ನೆಗಳಿಗೆ ಉತ್ತರ

ಸೌಂದರ್ಯ ಸ್ಪರ್ಧೆ ಗೆದ್ದ ಹೆಣ್ಣುಮಕ್ಕಳು ವಕೀಲಿಕೆಗೆ, ಅಲ್ಲಿಂದ ರಾಜಕೀಯಕ್ಕೆ ಹೋಗುವ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ರಾಜಕೀಯದಲ್ಲಿ ಬಂಡವಾಳವಾಗುವ ಕಿರೀಟವೇ ಕೋರ್ಟಿನಲ್ಲಿ ದೂರಿಗೆ ದಾರಿಯಾಗುತ್ತದೆ. ಎರಡನ್ನೂ ಬೇಕೆನ್ನುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಜಿಲ್ಲಾ ಮಟ್ಟದ ಸ್ಪರ್ಧೆ ಗೆದ್ದಿದ್ದಾಳೆ. ಆಯೋಜಕರು ಎರಡು ವರ್ಷದ ಕರಾರಿಗೆ ಸಹಿ ಕೇಳುತ್ತಿದ್ದಾರೆ. ಅವಳಿಗೆ ಮುಂದೆ ಲಾ ಓದುವ ಆಸೆ. ಸಹಿ ಹಾಕಿಸಬಹುದೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಓದದೆ ಹಾಕಿಸಬೇಡಿ. ಅವಧಿ ಯಾವ ದಿನದಿಂದ ಶುರು, ತಾನಾಗಿಯೇ ಮುಂದುವರಿಯುವ ಷರತ್ತು ಇದೆಯೇ ನೋಡಿ. ಕಮಿಷನ್ ಅವರು ತಂದುಕೊಟ್ಟ ಕೆಲಸಕ್ಕೆ ಮಾತ್ರವೋ, ಅವಳು ಎಲ್ಲಿ ದುಡಿದರೂ ಕೊಡಬೇಕೋ ಕೇಳಿ. ಫೋಟೊ ಮತ್ತು ಹೆಸರಿನ ಹಕ್ಕು ಎಷ್ಟು ಕಾಲ ಅವರ ಬಳಿ ಇರುತ್ತದೆ, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು ಎಂಬುದೂ ಕಾಗದದಲ್ಲಿ ಸ್ಪಷ್ಟವಾಗಿರಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು, ಸಾಮಾನ್ಯವಾಗಿ ಕರಾರಿನಲ್ಲಿ ಇಲ್ಲದ ಒಂದು ಸಾಲು: ‘ತರಗತಿ ಮತ್ತು ಪರೀಕ್ಷೆಯ ದಿನಗಳಲ್ಲಿ ಕಾರ್ಯಕ್ರಮಕ್ಕೆ ಕರೆಯುವಂತಿಲ್ಲ’. ಅದನ್ನು ಸೇರಿಸಿಯೇ ಸಹಿ ಹಾಕಲಿ. ಕರಾರು ಮುಗಿದ ಮೇಲೂ ಬೇರೆಡೆ ದುಡಿಯಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಆದರೆ ಅವಧಿಯೊಳಗಿನ ನಿರ್ಬಂಧದ ಮಾತು ಬೇರೆ, ಅದಕ್ಕೆ ಕಟ್ಟುಬೀಳಬೇಕಾಗಬಹುದು.

ಬಹುಮಾನದಲ್ಲಿ ತೆರಿಗೆ ಹಿಡಿದಿದ್ದರೆ ಟಿಡಿಎಸ್ ಪ್ರಮಾಣಪತ್ರ ಕೇಳಿ ಪಡೆದು, ರಿಟರ್ನ್ಸ್‌ನಲ್ಲಿ ತೋರಿಸಿ. ಮುಂದೊಂದು ದಿನ ಅವಳು ಚುನಾವಣೆಗೆ ನಿಂತರೆ ಐದು ವರ್ಷದ ಆದಾಯವನ್ನು ಅಫಿಡವಿಟ್‌ನಲ್ಲಿ ಬರೆಯಬೇಕಾಗುತ್ತದೆ.

ಮಾಡೆಲಿಂಗ್ ಮಾಡುತ್ತಲೇ ಅಂಚೆ ಮೂಲಕ ಎಲ್‌ಎಲ್‌ಬಿ ಮಾಡಬಹುದೇ?
– ಹಿರಿಯೂರಿನ ಓದುಗಿ

ಅಂಚೆ ಶಿಕ್ಷಣದ ಕಾನೂನು ಪದವಿಗೆ ಸನ್ನದು (ವಕೀಲಿಕೆ ಮಾಡುವ ಅನುಮತಿ) ಸಿಗುವುದಿಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೆ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟರಿಗೆ 40% ಅಂಕ ಬೇಕು. ಆ ಮೊದಲ ಪದವಿ ಮುಕ್ತ ವಿಶ್ವವಿದ್ಯಾಲಯದ್ದಾದರೂ ನಡೆಯುತ್ತದೆ, ಆದರೆ ಪಿಯುಸಿ ಪಾಸಾಗದೆ ನೇರವಾಗಿ ಪದವಿಗೆ ಸೇರಿದವರಿಗೆ ಅರ್ಹತೆ ಇಲ್ಲ. ಇದು ಗೊತ್ತಿಲ್ಲದೆ ಸನ್ನದಿನ ಅರ್ಜಿಯ ಹಂತದಲ್ಲಿ ಸಿಕ್ಕಿಬೀಳುವವರು ಇದ್ದಾರೆ.

ನಿಮಗೆ ಹತ್ತಿರದಲ್ಲಿ ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜು, ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು ಇವೆ. ಎರಡೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಮೂರು ವರ್ಷದ ಕೋರ್ಸಿನ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕಷ್ಟ ಬರುವುದು ಹಾಜರಾತಿಯಲ್ಲಿ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮ ಪ್ರತಿ ವಿಷಯಕ್ಕೂ 70% ಕೇಳುತ್ತದೆ. ಸೋಮವಾರ ಬೆಂಗಳೂರಿನಲ್ಲಿ ಶೂಟಿಂಗ್, ಗುರುವಾರ ಮಂಗಳೂರಿನಲ್ಲಿ ಶೋ ಎಂದು ಓಡಾಡಿದರೆ ಒಟ್ಟು ಲೆಕ್ಕ ಸರಿ ಕಂಡರೂ ಆ ಎರಡು ದಿನವೇ ಇರುವ ವಿಷಯದಲ್ಲಿ ಹಾಜರಾತಿ ಕುಸಿದಿರುತ್ತದೆ. ಸೆಮಿಸ್ಟರ್ ಶುರುವಾದೊಡನೆ ವೇಳಾಪಟ್ಟಿ ಪಡೆದು, ವಾರಕ್ಕೆ ಕಡಿಮೆ ತರಗತಿ ಇರುವ ವಿಷಯ ಯಾವುದೆಂದು ನೋಡಿಕೊಳ್ಳಿ. ಮೊದಲು ಕೈಕೊಡುವುದು ಅದೇ.

ಪದವಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂ., ಪರಿಶಿಷ್ಟರಿಗೆ 125 ರೂ. ಮೀರುವಂತಿಲ್ಲ. ನೋಂದಣಿಯಾದ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. 100 ಬಹುಆಯ್ಕೆ ಪ್ರಶ್ನೆಗಳಿರುತ್ತವೆ. ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ 45, ಪರಿಶಿಷ್ಟರಿಗೆ 40 ಅಂಕ ಸಾಕು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲಪಾಠದ ಪುಸ್ತಕ) ಮಾತ್ರ ಒಳಗೆ ಬಿಡುತ್ತಾರೆ. ಪುಟದಂಚಿನಲ್ಲಿ ಪೆನ್ನಿನಿಂದ ಗೀಚಿದ ಪುಸ್ತಕ ತರಬೇಡಿ. ಐಪಿಸಿ, ಸಿಆರ್‌ಪಿಸಿಗಳ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಬಂದಿರುವುದರಿಂದ ಅಕ್ಕ, ಅಣ್ಣ ಓದಿಟ್ಟ ಹಳೆಯ ಪುಸ್ತಕಗಳನ್ನೇ ನಂಬಿ ಕೂರಬೇಡಿ.

ಸನ್ನದು ಸಿಕ್ಕ ಮೇಲೆ ಕಚೇರಿ ಬೋರ್ಡಿನಲ್ಲಿ ‘ಮಿಸ್ ಚಿತ್ರದುರ್ಗ’ ಎಂದು ಬರೆಸಬಹುದೇ? ಇನ್‌ಸ್ಟಾಗ್ರಾಮ್‌ನಲ್ಲಿ ನನಗೆ ತುಂಬಾ ಫಾಲೋವರ್ಸ್ ಇದ್ದಾರೆ.
– ಚಿತ್ರದುರ್ಗದ ಕಾನೂನು ವಿದ್ಯಾರ್ಥಿನಿ

ಬೇಡ. ಬಾರ್ ಕೌನ್ಸಿಲ್‌ನ 36ನೇ ನಿಯಮ ವಕೀಲರ ಜಾಹೀರಾತನ್ನು ನೇರವಾಗಿಯೂ ಸುತ್ತುಬಳಸಿಯೂ ನಿಷೇಧಿಸುತ್ತದೆ. ಬೋರ್ಡು ಹಿತಮಿತದ ಅಳತೆಯಲ್ಲಿರಬೇಕು. ಯಾವುದೇ ವ್ಯಕ್ತಿ, ಸಂಸ್ಥೆಯ ನಂಟನ್ನಾಗಲಿ, ‘ಇಂಥ ಕೇಸಿನಲ್ಲಿ ಪರಿಣತರು’ ಎಂಬುದನ್ನಾಗಲಿ ಅದು ಸಾರಬಾರದು. ಮಾಜಿ ನ್ಯಾಯಾಧೀಶರೇ ಆ ಹುದ್ದೆಯನ್ನು ಬೋರ್ಡಿನಲ್ಲಿ ಹಾಕಿಕೊಳ್ಳುವಂತಿಲ್ಲ, ಇನ್ನು ಕಿರೀಟದ ಮಾತೆಲ್ಲಿ! ನಡೆಸುತ್ತಿರುವ ಕೇಸಿಗೆ ಸಂಬಂಧಿಸಿ ಪತ್ರಿಕೆಗೆ ಫೋಟೊ ಕೊಡುವುದೂ ತಪ್ಪು. ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ದೂರವಾಣಿ, ನೋಂದಣಿ ವಿವರ, ವಿದ್ಯಾರ್ಹತೆ, ಕೆಲಸದ ಕ್ಷೇತ್ರ ಹಾಕಲು 2008ರಿಂದ ಅವಕಾಶವಿದೆ.

ರೀಲ್ಸ್ ವಿಷಯ ಸ್ವಲ್ಪ ಸೂಕ್ಷ್ಮ. ಪ್ರಸಾರ, ಪತ್ರಿಕೋದ್ಯಮ, ಉಪನ್ಯಾಸಕ್ಕೆ 51ನೇ ನಿಯಮ ಜಾಗ ಕೊಡುತ್ತದೆ, ಜಾಹೀರಾತು ಆಗದಿದ್ದರೆ. ಜೀವನಾಂಶದ ಅರ್ಜಿ ಹಾಕುವುದು ಹೇಗೆಂದು ವಿವರಿಸಿ ನಿಲ್ಲಿಸಿದರೆ ತಿಳಿವಳಿಕೆ. ಕೊನೆಯಲ್ಲಿ ‘ಈ ನಂಬರಿಗೆ ಕರೆ ಮಾಡಿ’ ಎಂದರೆ ಗಿರಾಕಿ ಹಿಡಿದಂತೆ. ದೂರು ಸಾಬೀತಾದರೆ ಛೀಮಾರಿಯಿಂದ ಹಿಡಿದು ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವವರೆಗೂ ಶಿಕ್ಷೆ ಇದೆ. ತಿಂಗಳ ಸಂಬಳದ ಪೂರ್ಣಾವಧಿ ಕೆಲಸ, ಸ್ವಂತ ಬೂಟಿಕ್ ನಡೆಸುವುದು ಎರಡೂ ಆಗದು. ಬೇರೆಯವರ ವ್ಯವಹಾರದಲ್ಲಿ ಪಾಲು ಹಾಕಬಹುದು, ಗಲ್ಲಾಪೆಟ್ಟಿಗೆ ಮುಂದೆ ಕೂರುವಂತಿಲ್ಲ.

ನಿಮ್ಮ ಜನಪ್ರಿಯತೆಯನ್ನು ಬಳಸಲೇಬೇಕೆಂದಿದ್ದರೆ ಓದುವಾಗಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕಿಯಾಗಲು (ಪ್ಯಾರಾ ಲೀಗಲ್ ವಾಲಂಟಿಯರ್) ಪ್ರಯತ್ನಿಸಿ. ಕಾನೂನು ವಿದ್ಯಾರ್ಥಿಗಳಿಗೆ ಅವಕಾಶವಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದು ಹಳ್ಳಿಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ಹೇಳಲು ಪರಿಚಿತ ಮುಖ ಉಪಯೋಗಕ್ಕೆ ಬರುತ್ತದೆ.

ಈ ದಾರಿಯಲ್ಲಿ ಯಾರಾದರೂ ಗೆದ್ದಿದ್ದಾರೆಯೇ? ಸ್ಮೃತಿ ಇರಾನಿ ಮಿಸ್ ಇಂಡಿಯಾ ಅಲ್ಲವೇ?
– ಹರಿಹರದ ಓದುಗರು

ಇರಾನಿ 1998ರ ಮಿಸ್ ಇಂಡಿಯಾ ಸ್ಪರ್ಧಿ, ವಿಜೇತೆಯಲ್ಲ. ನೀವು ಕೇಳಿದ ದಾರಿಯಲ್ಲೇ ನಡೆದವರು ಎರಿಕಾ ಹೆರಾಲ್ಡ್. 2003ರ ಮಿಸ್ ಅಮೆರಿಕ ಆದ ಅವರು ಸ್ಪರ್ಧೆಯ ವಿದ್ಯಾರ್ಥಿವೇತನವನ್ನು ಹಾರ್ವರ್ಡ್ ಕಾನೂನು ಶಾಲೆಯ ಓದಿಗೆ ಬಳಸಿ ವಕೀಲೆಯಾದರು. 2014ರಲ್ಲಿ ಸಂಸತ್ ಸ್ಥಾನಕ್ಕೆ ಪಕ್ಷದ ಒಳಚುನಾವಣೆಯಲ್ಲೇ ಸೋತರು. 2018ರಲ್ಲಿ ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ರಿಪಬ್ಲಿಕನ್ ಅಭ್ಯರ್ಥಿಯಾಗಿ ಕ್ವಾಮೆ ರೌಲ್ ಎದುರು ಸೋತರು. ನಮ್ಮಲ್ಲಿ 1976ರ ಮಿಸ್ ಇಂಡಿಯಾ ನಫೀಸಾ ಅಲಿ 2004ರಲ್ಲಿ ದಕ್ಷಿಣ ಕೋಲ್ಕತ್ತ, 2009ರಲ್ಲಿ ಲಖನೌದಲ್ಲಿ ಸೋತರೆ, 1999ರ ಗುಲ್ ಪನಾಗ್ 2014ರಲ್ಲಿ ಚಂಡೀಗಢದಲ್ಲಿ ಸೋತರು. ಗೆದ್ದವರಲ್ಲಿ 1993ರ ಮಿಸ್ ವರ್ಲ್ಡ್, ಜಮೈಕಾದ ಲೀಸಾ ಹನ್ನಾ ಇದ್ದಾರೆ: 2007ರಲ್ಲಿ ಸಂಸದೆ, 2012ರಲ್ಲಿ ಸಚಿವೆ. ಅವರು ನಿಂತದ್ದು ತಮ್ಮ ಪಕ್ಷ ಬಲವಾಗಿದ್ದ ಕ್ಷೇತ್ರದಲ್ಲಿ ಎಂಬುದನ್ನು ಮರೆಯಬಾರದು. 1981ರ ಮಿಸ್ ಯೂನಿವರ್ಸ್ ಐರೀನ್ ಸಾಯೆಜ್ ವೆನೆಜುವೆಲಾದಲ್ಲಿ ಮೇಯರ್ ಆಗಿ ಹೆಸರು ಮಾಡಿ, 1998ರ ಅಧ್ಯಕ್ಷ ಚುನಾವಣೆಯಲ್ಲಿ 3% ಮತವನ್ನೂ ದಾಟಲಿಲ್ಲ.

ಮೆರವಣಿಗೆಗೆ ಜನ ಸೇರಿಸುವುದಕ್ಕೆ ಕಿರೀಟ ಸಾಕು. ಬೂತಿಗೆ ಕರೆತರಲು ಕಾರ್ಯಕರ್ತರು ಬೇಕು. 2024ರಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎರಡೂ ದೊಡ್ಡ ಪಕ್ಷಗಳು ಮಹಿಳೆಯರಿಗೇ ಟಿಕೆಟ್ ಕೊಟ್ಟವು: ಗೆದ್ದ ಡಾ. ಪ್ರಭಾ ಮಲ್ಲಿಕಾರ್ಜುನ್, ಸೋತ ಗಾಯಿತ್ರಿ ಸಿದ್ದೇಶ್ವರ. ಇಬ್ಬರ ಹಿಂದೆಯೂ ರಾಜಕೀಯ ಮನೆತನವಿತ್ತು. ಆ ಬೆನ್ನಾಸರೆ ಇಲ್ಲದವರಿಗೆ ವಾರ್ಡಿನಿಂದ ಶುರು ಮಾಡುವುದೇ ಲೇಸು.

ನನಗೆ 23 ವರ್ಷ. ನೇರವಾಗಿ ವಿಧಾನಸಭೆಗೆ ನಿಲ್ಲಬಹುದೇ?
– ಜಗಳೂರಿನ ಓದುಗಿ

ವಿಧಾನಸಭೆಗೆ 25 ತುಂಬಿರಬೇಕು, ಸ್ಥಳೀಯ ಸಂಸ್ಥೆಗೆ 21 ಸಾಕು. ನಿಮ್ಮ ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲು. ಮಾಯಕೊಂಡ, ಹೊಳಲ್ಕೆರೆ ಪರಿಶಿಷ್ಟ ಜಾತಿಗೆ. ಚಳ್ಳಕೆರೆ, ಮೊಳಕಾಲ್ಮೂರು ಪಂಗಡಕ್ಕೆ. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು, ಆದರೆ ವಾರ್ಡಿನ ಮೀಸಲಾತಿ ಬದಲಾಗುತ್ತಿರುತ್ತದೆ. ಒಂದೇ ವಾರ್ಡನ್ನು ನಂಬಿ ವರ್ಷಗಟ್ಟಲೆ ಓಡಾಡಿ ನಿರಾಶರಾದವರು ಬಹಳ. ನೀವು ನಿಲ್ಲುವ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮದುವೆಯಾಗಿ ಮನೆ ಬದಲಾಗಿದ್ದರೆ ಪಟ್ಟಿಯಲ್ಲಿ ವಿಳಾಸ ಬದಲಿಸುವ ಅರ್ಜಿ, ಫಾರಂ 8, ಈಗಲೇ ಕೊಡಿ. ಜಾತಿ ಪ್ರಮಾಣಪತ್ರ ತವರಿನ ಜಾತಿಯದ್ದೇ, ಗಂಡನದ್ದಲ್ಲ.

ಮುಂದೆ ವಿಧಾನಸಭೆಗೆ ನಿಂತಾಗ ಠೇವಣಿ 10,000 ರೂ., ಪರಿಶಿಷ್ಟರಿಗೆ 5,000. ಸಿಂಧು ಮತದ ಆರನೇ ಒಂದು ಭಾಗ ಸಿಗದಿದ್ದರೆ ಅದು ಹೋಯಿತು. ಪಕ್ಷೇತರರಿಗೆ 10 ಸೂಚಕರು (ನಾಮಪತ್ರದಲ್ಲಿ ಹೆಸರು ಸೂಚಿಸಿ ಸಹಿ ಹಾಕುವವರು) ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ದಾವಣಗೆರೆಯಂಥ ಊರಲ್ಲಿ ಎಡವುವುದು ಇಲ್ಲೇ. ನಗರ ಉತ್ತರ, ದಕ್ಷಿಣ ಎಂದು ಹರಿದಿರುವುದರಿಂದ ಎದುರು ಬೀದಿಯ ಗೆಳತಿ ಬೇರೆ ಕ್ಷೇತ್ರದವಳಾಗಿರಬಹುದು. ಸಹಿಗೂ ಮುನ್ನ ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮಸಂಖ್ಯೆ ಪಟ್ಟಿಯಲ್ಲಿ ನೋಡಿ. ನಾಲ್ಕು ಸೆಟ್ ನಾಮಪತ್ರಕ್ಕೆ ಅವಕಾಶವಿದೆ, ಬೇರೆ ಬೇರೆ ಸೂಚಕರಿಂದ ಎರಡಾದರೂ ಕೊಡಿ. ಪಕ್ಷದ ಅಭ್ಯರ್ಥಿಯಾದರೆ ಬಿ ಫಾರಂ (ಟಿಕೆಟ್ ಕೊಟ್ಟಿದ್ದೇವೆಂದು ಪಕ್ಷ ಕೊಡುವ ಪತ್ರ) ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ತಲುಪಬೇಕು, ಶಾಯಿಯ ಸಹಿಯೇ ಇರಬೇಕು.

ಫಾರಂ 26ರ ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡಿ. ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಿರಿ. ಅದರಲ್ಲಿ ನಿಮ್ಮ ಸಾಮಾಜಿಕ ಜಾಲತಾಣದ ಖಾತೆಗಳ ವಿವರವೂ ಬರುತ್ತದೆ. ವೆಚ್ಚಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರದ ಹಿಂದಿನ ದಿನದೊಳಗೇ ತೆರೆಯಿರಿ. ಮಿತಿ 40 ಲಕ್ಷ. ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು, ಸೋತವರಿಗೂ.

ಶಾಸಕಿಯಾದ ಮೇಲೆ ವಕೀಲಿಕೆ ಬಿಡಬೇಕೇ?
– ಚಳ್ಳಕೆರೆಯ ಓದುಗರು

ಬೇಕಿಲ್ಲ. ಶಾಸಕರು, ಸಂಸದರು ಪೂರ್ಣಾವಧಿ ಸಂಬಳದ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಕೋರ್ಟಿಗೆ ಬಣ್ಣದ ಸೀರೆ ಉಡಬಹುದೇ?
– ಹೊನ್ನಾಳಿಯ ಓದುಗಿ

ಬಿಳಿ, ಕಪ್ಪು ಅಥವಾ ಕಣ್ಣಿಗೆ ರಾಚದ ತಿಳಿಬಣ್ಣ ಆಗುತ್ತದೆ, ಮೇಲೆ ಅಚ್ಚಾಗಲಿ ಚಿತ್ತಾರವಾಗಲಿ ಇರಬಾರದು. ಸಲ್ವಾರ್ ಕುರ್ತಾ ಬಿಳಿ ಅಥವಾ ಕಪ್ಪು. ಜೊತೆಗೆ ಕರಿಕೋಟು, ಬಿಳಿ ಬ್ಯಾಂಡ್. ಬೇಸಿಗೆಯಲ್ಲಿ ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ ಕೋಟು ಕಡ್ಡಾಯವಲ್ಲ, ಹೈಕೋರ್ಟಿಗೆ ಹೋಗುವ ದಿನ ಮಾತ್ರ ಕೋಟೂ ಗೌನೂ ಎರಡೂ ಬೇಕು.