ವಿಗಲ್ಸ್‌ವರ್ತ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಇಂಗ್ಲೆಂಡಿನ ಪೆಂಟೆಕೋಸ್ಟ್ (ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕ್ರೈಸ್ತ ಪಂಥ) ಸುವಾರ್ತಿಕ ಸ್ಮಿತ್ ವಿಗಲ್ಸ್‌ವರ್ತ್ ಅವರನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಬರೆದರೆ ಪ್ರಕಟಿಸುವ ಮನಸ್ಸಿರುವುದರಿಂದಲೇ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ.

ಲೇಖನದ ಮುಕ್ಕಾಲು ಪಾಲು ಅವರ ಪ್ರಾರ್ಥನೆಯಿಂದ ಸ್ವಸ್ಥತೆ ಹೊಂದಿದವರ ಕಥೆಗಳೇ ಆಗಿವೆ. ಕುಂಟರು ನಡೆಯುತ್ತಾರೆ, ಕುರುಡರು ಕಾಣುತ್ತಾರೆ, ಸತ್ತವರೂ ಏಳುತ್ತಾರೆ; ಆದರೆ ಕಂಡವರು ಯಾರು, ಬರೆದಿಟ್ಟವರು ಯಾರು ಎಂಬುದು ಎಲ್ಲಿಯೂ ಇಲ್ಲ. ಇಂತಹ ಪ್ರಸಂಗಗಳಲ್ಲಿ ಹಲವನ್ನು ವಿಗಲ್ಸ್‌ವರ್ತ್ ಅವರೇ ಬೋಧನೆಯ ನಡುವೆ ಹೇಳಿದ್ದು, ಶೀಘ್ರಲಿಪಿಯಲ್ಲಿ ಬರೆದುಕೊಂಡ ಆ ಬೋಧನೆಗಳು ಬಳಿಕ ಅಚ್ಚಾದವು. ವಿಶ್ವಾಸಿಗಳು ಅದನ್ನು ಸಾಕ್ಷಿಯೆಂದು ಸ್ವೀಕರಿಸುತ್ತಾರೆ. ಅದು ಅವರ ಹಕ್ಕು. ಜೀವನಚರಿತ್ರೆ ಬರೆಯಹೊರಟ ನೀವು ಮಾತ್ರ ‘ಹೀಗಾಯಿತು’ ಎಂದು ಬರೆಯುವ ಮೊದಲು, ‘ಹೀಗಾಯಿತೆಂದು ಅವರು ಹೇಳಿದರು’ ಎಂದಷ್ಟೇ ಬರೆಯಬೇಕಾದ ಜಾಗ ಯಾವುದೆಂದು ನೋಡಿಕೊಳ್ಳಬೇಕಿತ್ತು.

ಅವರನ್ನು ನೀವು ‘ಹುಟ್ಟು ವಾಗ್ಮಿ’ ಎಂದಿದ್ದೀರಿ. ಇದು ತಪ್ಪು ಮಾತ್ರವಲ್ಲ, ಅವರ ಬದುಕಿನ ಅತ್ಯಂತ ಸ್ವಾರಸ್ಯಕರ ಭಾಗವನ್ನೇ ಅಳಿಸಿಹಾಕುವ ಮಾತು. 1859ರಲ್ಲಿ ಯಾರ್ಕ್‌ಷೈರಿನ ಮೆನ್‌ಸ್ಟನ್‌ನ ಬಡ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲೇ ದುಡಿಮೆಗಿಳಿದು, ಮುಂದೆ ಪ್ಲಂಬರ್ ಆದ ಈ ಮನುಷ್ಯನಿಗೆ ಓದು ಕಲಿಸಿದವರು ಹೆಂಡತಿ ಪಾಲಿ. ಬ್ರಾಡ್‌ಫರ್ಡ್‌ನ ಬೋಲೆಂಡ್ ಸ್ಟ್ರೀಟ್ ಮಿಷನ್‌ನಲ್ಲಿ ಬೋಧಿಸುತ್ತಿದ್ದವರೂ ಆಕೆಯೇ. ಜನರೆದುರು ನಿಂತರೆ ಇವರಿಗೆ ಮಾತು ತಡವರಿಸುತ್ತಿತ್ತು. 1907ರಲ್ಲಿ, 48ನೆಯ ವಯಸ್ಸಿನಲ್ಲಿ, ಅವರು ಸಂಡರ್‌ಲೆಂಡ್‌ಗೆ ಹೋದರು. ಅಲ್ಲಿನ ಆಂಗ್ಲಿಕನ್ ಪಾದ್ರಿ ಅಲೆಕ್ಸಾಂಡರ್ ಬಾಡಿ ಅವರ ಪತ್ನಿ ಮೇರಿ ತಮ್ಮ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ ವಿಗಲ್ಸ್‌ವರ್ತ್ ಅನ್ಯಭಾಷೆಯಲ್ಲಿ, ಅಂದರೆ ಪವಿತ್ರಾತ್ಮನ ಪ್ರೇರಣೆಯಿಂದ ಬರುತ್ತದೆಂದು ವಿಶ್ವಾಸಿಗಳು ನಂಬುವ, ತಾವು ಕಲಿಯದ ನುಡಿಯಲ್ಲಿ, ಮಾತನಾಡಿದರು. ಊರಿಗೆ ಮರಳಿದ ಮೇಲೆ ಗಂಡನ ಬೋಧನೆ ಕೇಳಿ ಪಾಲಿಯೇ ಬೆರಗಾದರೆಂದು ಹೇಳುತ್ತಾರೆ. ಇಷ್ಟೆಲ್ಲ ಇರುವಾಗ ಪಾಲಿಗೆ ನಿಮ್ಮ ಲೇಖನದಲ್ಲಿ ಸಿಕ್ಕಿರುವುದು ಅರ್ಧ ವಾಕ್ಯ!

ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಗುಣವಾಗದ ಕಾಯಿಲೆಗಳ ಬಗ್ಗೆ ನೀವು ಪೂರ್ತಿ ಮೌನವಾಗಿರುವುದು. ಪಾಲಿ 1913ರ ಜನವರಿಯಲ್ಲಿ ತೀರಿಕೊಂಡರು. ತಂದೆಯ ಜೊತೆ ದೇಶದೇಶಗಳನ್ನು ಸುತ್ತಿದ ಮಗಳು ಆಲಿಸ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. 1930ರ ದಶಕದಲ್ಲಿ ಸ್ವತಃ ವಿಗಲ್ಸ್‌ವರ್ತ್ ಮೂತ್ರಪಿಂಡದ ಕಲ್ಲುಗಳಿಂದ ವರ್ಷಗಟ್ಟಲೆ ನರಳಿದರೂ, ಶಸ್ತ್ರಚಿಕಿತ್ಸೆ ಬೇಡವೆಂದ ಅವರು, ಆ ನೋವಿನಲ್ಲೇ ವೇದಿಕೆಯೇರಿ ಇತರ ರೋಗಿಗಳಿಗಾಗಿ ಪ್ರಾರ್ಥಿಸಿದರು. ಇವನ್ನು ಬರೆದರೆ ಅವರ ಹಿರಿಮೆ ಕುಗ್ಗೀತೆಂಬ ಅಳುಕು ನಿಮ್ಮಲ್ಲಿರುವಂತೆ ತೋರುತ್ತದೆ. ನನಗನ್ನಿಸುವುದು ಬೇರೆ: ಕೇಳಿದ್ದು ದೊರೆತಾಗ ನಂಬುವುದು ಯಾರಿಂದಲಾದರೂ ಆಗುವ ಕೆಲಸ, ಮನೆಯಲ್ಲೇ ದೊರೆಯದಿದ್ದಾಗ ಈತ ಏನನ್ನು ನಂಬಿದರು ಎಂಬುದೇ ನಿಮ್ಮ ಲೇಖನದ ವಸ್ತುವಾಗಬೇಕಿತ್ತು.

ಹಾಗೆಂದು ಆ ಚಿಕಿತ್ಸೆಯ ನಿರಾಕರಣೆಯನ್ನು ಬರೀ ಧೈರ್ಯವೆಂದು ಕೊಂಡಾಡಬೇಡಿ. ಔಷಧಿಯನ್ನು ತೊರೆದ ಬೋಧಕನ ಮಾತು ಕೇಳುವವರಲ್ಲಿ ನಿಜವಾದ ರೋಗಿಗಳೂ ಇರುತ್ತಾರೆಂಬುದನ್ನು ಒಂದು ಪ್ಯಾರಾದಲ್ಲಾದರೂ ಎದುರಿಸಿ. ರೋಗಿಗಳ ಹೊಟ್ಟೆಗೆ ಅವರು ಗುದ್ದುತ್ತಿದ್ದುದನ್ನು ನೀವು ‘ಮೃದುವಾಗಿ ಸ್ಪರ್ಶಿಸುತ್ತಿದ್ದರು’ ಎಂದು ಬದಲಿಸಿರುವುದೂ ಸರಿಯಲ್ಲ. ತಾನು ಹೊಡೆಯುವುದು ಸೈತಾನನನ್ನು ಎಂಬ ಅವರ ಸಮಜಾಯಿಷಿಯೊಂದಿಗೆ, ನಡೆದದ್ದನ್ನು ನಡೆದ ಹಾಗೆಯೇ ಬರೆಯಿರಿ.

1921ರ ಸ್ವೀಡನ್ ಪ್ರಸಂಗ ಚೆನ್ನಾಗಿ ಬಂದಿದೆ. ಕೈಯಿಟ್ಟು ಪ್ರಾರ್ಥಿಸಬಾರದೆಂಬ ನಿರ್ಬಂಧ ಬಂದಾಗ, ನೋವಿರುವ ಕಡೆ ನಿಮ್ಮ ಕೈಯನ್ನೇ ಇಟ್ಟುಕೊಳ್ಳಿರೆಂದು ಜನರಿಗೆ ಹೇಳಿದ ಅವರ ಸಮಯಸ್ಫೂರ್ತಿಯನ್ನು ಹಾಗೆಯೇ ಉಳಿಸಿ, ಅಧಿಕಾರಿಗಳನ್ನು ಹಳಿಯುವ ಸಾಲುಗಳನ್ನು ತೆಗೆಯಿರಿ. ಸಾವಿನ ದೃಶ್ಯದಲ್ಲಿ ದೇವದೂತರು ಬೇಡ. 1947ರ ಮಾರ್ಚ್ 12ರಂದು ವೇಕ್‌ಫೀಲ್ಡ್‌ನಲ್ಲಿ, ಸ್ನೇಹಿತರೊಬ್ಬರ ಅಂತ್ಯಸಂಸ್ಕಾರಕ್ಕೆಂದು ಬಂದಿದ್ದಾಗ, 87ರ ವಯಸ್ಸಿನಲ್ಲಿ ಅವರು ಕುಸಿದು ತೀರಿಕೊಂಡರು ಎಂದರೆ ಸಾಕು.

ಮರುಪ್ರತಿ ಕಳುಹಿಸುವಾಗ ಪ್ರತಿ ಪ್ರಸಂಗದ ಆಕರವನ್ನು ಅಂಚಿನಲ್ಲಿ ಗುರುತಿಸಿ. ತಾಳೆ ನೋಡಿದ ನಂತರ ಆ ಗುರುತುಗಳನ್ನು ನಾನೇ ತೆಗೆಯುತ್ತೇನೆ.

ಇಂತಿ,
ಸಂಪಾದಕ