ಹೊಗೆ ಯಾರದು, ಹೊಣೆ ಯಾರದು?

ಹವಾಮಾನ ಬದಲಾವಣೆಯನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹವಾಮಾನ ಬದಲಾವಣೆ ರಾಜಕೀಯ ವಿಷಯವಲ್ಲ, ನೈತಿಕ ವಿಷಯ ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ವಾದಿಸಿದೆ. ಅಮೆರಿಕದಲ್ಲಿ ಅಧ್ಯಕ್ಷರು ಬದಲಾದಂತೆ ಆ ದೇಶ, ಭೂಮಿಯ ಬಿಸಿಯೇರಿಕೆಯನ್ನು ತಡೆಯಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದದಿಂದ ಹೊರಗೆ ಹೋಗುತ್ತದೆ, ಒಳಗೆ ಬರುತ್ತದೆ. ಮತದಾನದಿಂದ ತೀರ್ಮಾನವಾಗುವುದು ರಾಜಕೀಯವಲ್ಲದೆ ಇನ್ನೇನು ಎಂದು ಎದುರು ಪಕ್ಷದವರು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ವಿವರಿಸಿ.
- ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮ ಎದುರಾಳಿಗಳು ಹೇಳಿದ ಸಂಗತಿ ನಿಜ. ಅಮೆರಿಕ 2017ರಲ್ಲಿ ಒಪ್ಪಂದವನ್ನು ಬಿಡುವುದಾಗಿ ಘೋಷಿಸಿ 2020ರ ನವೆಂಬರಿನಲ್ಲಿ ಹೊರಬಂದಿತು; 2021ರ ಫೆಬ್ರವರಿಯಲ್ಲಿ ಮರಳಿ ಸೇರಿತು; 2025ರ ಜನವರಿಯಲ್ಲಿ ಮತ್ತೆ ಹೊರನಡೆಯುವ ಆದೇಶಕ್ಕೆ ಸಹಿ ಬಿದ್ದಿತು. ಆದರೆ ಈ ಸಂಗತಿಯಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ. ಒಂದು ಕರ್ತವ್ಯವನ್ನು ನೆರವೇರಿಸಬೇಕೋ ಬಿಡಬೇಕೋ ಎಂಬುದನ್ನು ಸರ್ಕಾರಗಳು ಮತದಿಂದ ನಿರ್ಧರಿಸಬಹುದು. ಆ ಕರ್ತವ್ಯ ಇದೆಯೋ ಇಲ್ಲವೋ ಎಂಬುದು ಮತ ಎಣಿಕೆಯಿಂದ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಇಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ: ಏನು ನಡೆಯುತ್ತಿದೆ, ಯಾರು ಯಾರಿಗೆ ಏನನ್ನು ಮಾಡಬೇಕಾಗಿದೆ, ಅದನ್ನು ಹೇಗೆ ಮಾಡಬೇಕು. ಇವುಗಳನ್ನು ಬಿಡಿಸಿ ನೋಡಿದರೆ ನಿಮ್ಮ ವಾದಕ್ಕೆ ಬೇಕಾದ ನೆಲೆ ದೊರೆಯುತ್ತದೆ.

ಮೊದಲನೆಯದು ವಿಜ್ಞಾನದ ಪ್ರಶ್ನೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿಯ ಉಷ್ಣತೆ ಎಷ್ಟು ಏರೀತು ಎಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿಯೇ ಲೆಕ್ಕ ಹಾಕಿದ್ದರು. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. ಇಂದು 420ನ್ನು ದಾಟಿದೆ. ಕೈಗಾರಿಕಾ ಯುಗಕ್ಕೆ ಮೊದಲು ಇದ್ದದ್ದು 280ರಷ್ಟು. ಯಾವ ಪಕ್ಷ ಗೆದ್ದರೂ ಈ ಅಂಕಿಗಳು ಬದಲಾಗಿಲ್ಲ. ಅಷ್ಟೇ ಅಲ್ಲ, ಈ ವಿಷಯ ಪಕ್ಷಗಳ ನಡುವೆ ಹಂಚಿಹೋದದ್ದು ಕೂಡ ಈಚಿನ ಬೆಳವಣಿಗೆ. 1989ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿಂತು ಭೂಮಿ ಬಿಸಿಯಾಗುತ್ತಿರುವ ಅಪಾಯವನ್ನು ವಿವರಿಸಿ ಜಾಗತಿಕ ಒಡಂಬಡಿಕೆಯೊಂದನ್ನು ಒತ್ತಾಯಿಸಿದವರು ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ, ರಸಾಯನ ವಿಜ್ಞಾನ ಓದಿದ್ದ ಮಾರ್ಗರೆಟ್ ಥ್ಯಾಚರ್. ಅದಕ್ಕೂ ಎರಡು ವರ್ಷ ಮೊದಲು, ರೇಗನ್ ಅಮೆರಿಕದ ಅಧ್ಯಕ್ಷರಾಗಿದ್ದಾಗ, ಓಝೋನ್ ಪದರವನ್ನು ಉಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಬಲಪಂಥೀಯ ಸರ್ಕಾರಗಳೇ ಮುಂದೆ ನಿಂತು ಮಾಡಿದ ಕೆಲಸವನ್ನು ಇಂದು ಎಡಪಂಥದ ಹಟವೆಂದು ಹೇಳುವುದಕ್ಕೆ ಚರಿತ್ರೆಯ ಬೆಂಬಲವಿಲ್ಲ.

ಎರಡನೆಯ ಪ್ರಶ್ನೆಯೇ ನೀತಿಯ ಪ್ರಶ್ನೆ, ಮತ್ತು ಅದನ್ನು ಪೆಸಿಫಿಕ್ ಸಾಗರದ ವನುವಾಟು ದೇಶ ಎತ್ತಿದಷ್ಟು ನೇರವಾಗಿ ಬೇರೆ ಯಾರೂ ಎತ್ತಿದಂತೆ ನನಗೆ ಕಾಣುವುದಿಲ್ಲ. ಎಂಬತ್ತಕ್ಕೂ ಹೆಚ್ಚು ದ್ವೀಪಗಳಲ್ಲಿ ಸುಮಾರು ಮೂರು ಲಕ್ಷ ಜನ ಬದುಕುವ ದೇಶ ಅದು. ಜಗತ್ತಿನ ಒಟ್ಟು ಹೊಗೆಯಲ್ಲಿ ಅದರ ಪಾಲು ಲೆಕ್ಕಕ್ಕೂ ಸಿಗದಷ್ಟು ಕಡಿಮೆ. 2015ರಲ್ಲಿ ಪಾಮ್ ಚಂಡಮಾರುತ ಆ ದೇಶವನ್ನು ಜರ್ಜರಗೊಳಿಸಿತು, 2023ರ ಮಾರ್ಚಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಚಂಡಮಾರುತಗಳು ಬಡಿದವು, ಸಮುದ್ರದ ಮಟ್ಟ ಏರುತ್ತಿರುವುದರಿಂದ ಕರಾವಳಿಯ ಕೆಲವು ಊರುಗಳು ಒಳನಾಡಿಗೆ ಸರಿಯಬೇಕಾಗಿದೆ. ತಾವು ಮಾಡದ ಕೆಲಸದ ಫಲವನ್ನು ತಾವೇ ಉಣ್ಣಬೇಕಾದ ಈ ಜನರಿಗೆ ಅಮೆರಿಕದ ಚುನಾವಣೆಯಲ್ಲಿ ಮತವಿಲ್ಲ, ಚೀನಾದ ಯೋಜನಾ ಸಭೆಯಲ್ಲಿ ಸ್ಥಾನವಿಲ್ಲ, ನಮ್ಮ ಸಂಸತ್ತಿನಲ್ಲಿ ದನಿಯಿಲ್ಲ. 2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳ ಒಂದು ಗುಂಪು, ಇದನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದಿಡಬೇಕೆಂದು ತಮ್ಮ ಸರ್ಕಾರಗಳನ್ನು ಒತ್ತಾಯಿಸಲು ತೊಡಗಿತು. ಅವರು ನಿಮ್ಮ ವಯಸ್ಸಿನವರು. ವನುವಾಟು ಆ ಮನವಿಯನ್ನು ಎತ್ತಿಕೊಂಡಿತು, 2023ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅದನ್ನು ಒಮ್ಮತದಿಂದ ಅಂಗೀಕರಿಸಿತು, 2025ರ ಜುಲೈ 23ರಂದು ನ್ಯಾಯಾಲಯ ತನ್ನ ಅಭಿಪ್ರಾಯವನ್ನು ಸರ್ವಾನುಮತದಿಂದ ಪ್ರಕಟಿಸಿತು. ಹವಾಮಾನಕ್ಕೆ ಗಂಭೀರ ಹಾನಿಯಾಗದಂತೆ ತಡೆಯುವುದು ಪ್ರತಿಯೊಂದು ರಾಷ್ಟ್ರದ ಬಾಧ್ಯತೆ, ಅದನ್ನು ಮುರಿಯುವುದು ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ತಪ್ಪು, ಅಂಥ ತಪ್ಪಿಗೆ ಪರಿಹಾರ ಕೊಡಬೇಕಾಗಬಹುದು ಎಂಬುದು ಅದರ ತಿರುಳು. ಅದು ಸಲಹಾ ರೂಪದ ಅಭಿಪ್ರಾಯ, ಯಾರನ್ನೂ ಕಟ್ಟಿಹಾಕುವ ಆಜ್ಞೆಯಲ್ಲ. ಹಾಗಿದ್ದರೂ ಹೊಣೆಯೆಂಬುದು ಒಪ್ಪಂದಕ್ಕೆ ಸಹಿ ಹಾಕಿದಾಗ ಮಾತ್ರ ಹುಟ್ಟಿ ಸಹಿಯನ್ನು ಹಿಂತೆಗೆದುಕೊಂಡಾಗ ಇಲ್ಲವಾಗುವಂಥದ್ದಲ್ಲವೆಂದು ಅದು ಸ್ಪಷ್ಟಪಡಿಸಿತು. ನಿಮ್ಮ ಚರ್ಚಾಸ್ಪರ್ಧೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಾಗಲಾರದು.

ಹೊಳೆಯ ಮೇಲ್ದಂಡೆಯ ಊರಿನವರು ಗ್ರಾಮಸಭೆ ಸೇರಿಸಿ, ಕ್ರಮಬದ್ಧವಾಗಿ ಕೈಯೆತ್ತಿಸಿ, ಬಹುಮತದಿಂದ ಹೊಳೆಗೆ ವಿಷ ಬಿಡುವ ತೀರ್ಮಾನ ಕೈಗೊಂಡರೆಂದು ಭಾವಿಸಿ. ಸಭೆಯ ನಡಾವಳಿಯಲ್ಲಿ ದೋಷವಿಲ್ಲ, ಆದರೆ ಕೆಳಗಿನ ಊರಿನ ಒಬ್ಬರೂ ಆ ಸಭೆಯಲ್ಲಿ ಇರಲಿಲ್ಲ. ಆ ತೀರ್ಮಾನವನ್ನು ಯಾರೂ ರಾಜಕೀಯ ಭಿನ್ನಾಭಿಪ್ರಾಯವೆಂದು ಕರೆಯುವುದಿಲ್ಲ, ಅನ್ಯಾಯವೆನ್ನುತ್ತಾರೆ. ಹವಾಮಾನದಲ್ಲಿ ಕೆಳಗಿನ ಊರು ದೂರದ ದ್ವೀಪವೊಂದೇ ಅಲ್ಲ, ಇನ್ನೂ ಹುಟ್ಟದವರೂ ಅಲ್ಲಿದ್ದಾರೆ. ಇಂದು ಉರಿಸಿದ ಕಲ್ಲಿದ್ದಲಿನಿಂದ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡಿನ ಒಂದು ಭಾಗ ನೂರಾರು ವರ್ಷ, ಸ್ವಲ್ಪ ಭಾಗ ಸಾವಿರಾರು ವರ್ಷ ಅಲ್ಲೇ ಉಳಿಯುತ್ತದೆ. ಐದು ವರ್ಷಕ್ಕೊಮ್ಮೆ ಮತ ಕೇಳುವ ವ್ಯವಸ್ಥೆಯಲ್ಲಿ ಆ ಜನರ ಪರವಾಗಿ ನಿಲ್ಲಲು ನೀತಿಪ್ರಜ್ಞೆಯ ಹೊರತು ಬೇರೆ ಶಕ್ತಿಯಿಲ್ಲ.

ಇನ್ನು ಮೂರನೆಯದು, ಹೇಗೆ ಮಾಡಬೇಕು ಎಂಬುದು. ಅಣುವಿದ್ಯುತ್ ಬೇಕೋ ಸೌರವಿದ್ಯುತ್ ಸಾಕೋ, ಕಲ್ಲಿದ್ದಲಿನ ಮೇಲೆ ತೆರಿಗೆ ಹಾಕಬೇಕೋ ಬಸ್ಸುಗಳಿಗೆ ಸಹಾಯಧನ ಕೊಡಬೇಕೋ, ಎಷ್ಟು ವೇಗದಲ್ಲಿ ಬದಲಾಗಬೇಕು ಎಂಬ ವಿಷಯಗಳಲ್ಲಿ ಪ್ರಾಮಾಣಿಕರ ನಡುವೆಯೂ ಭಿನ್ನಮತವಿರುತ್ತದೆ. ಅದು ನಿಜವಾದ ರಾಜಕೀಯ, ಅದು ಬೇಕು. ಮುಂದಿನ ಸಲ ಈ ಕ್ಷೇತ್ರವನ್ನು ಎದುರು ಪಕ್ಷದವರಿಗೆ ಧಾರಾಳವಾಗಿ ಬಿಟ್ಟುಕೊಡಿ. ಏನನ್ನಾದರೂ ಮಾಡಬೇಕೇ ಬೇಡವೇ ಎಂಬುದನ್ನು ಮಾತ್ರ ಬಿಟ್ಟುಕೊಡಬೇಡಿ.

ಪ್ರಶ್ನೆ: ಇನ್ನೂರು ವರ್ಷ ಕಲ್ಲಿದ್ದಲು ಉರಿಸಿ ಸಿರಿವಂತರಾದವರು ಪಾಶ್ಚಾತ್ಯರು. ಈಗ ನಮಗೆ ನೀತಿ ಹೇಳುವುದು ಯಾವ ನ್ಯಾಯ? ನಮ್ಮ ಜಿಲ್ಲೆಯ ಶಾಖೋತ್ಪನ್ನ ಸ್ಥಾವರ ನಿಂತರೆ ರಾಜ್ಯಕ್ಕೆ ಕರೆಂಟು ಎಲ್ಲಿಂದ ಬರಬೇಕು?
- ನಿವೃತ್ತ ನೌಕರರು, ರಾಯಚೂರು

ಉತ್ತರ: ನಿಮ್ಮ ಸಿಟ್ಟಿಗೆ ಆಧಾರವಿದೆ. ಕೈಗಾರಿಕಾ ಯುಗ ಆರಂಭವಾದಂದಿನಿಂದ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಮೆರಿಕ ಒಂದರದೇ. ಇಂದಿಗೂ ಅಲ್ಲಿನ ಒಬ್ಬ ವ್ಯಕ್ತಿಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಬಂದರೆ ಭಾರತೀಯನ ಪಾಲಿಗೆ ಬರುವುದು 2 ಟನ್ನಿನಷ್ಟು. 1992ರಲ್ಲಿ ರಿಯೊ ನಗರದಲ್ಲಿ ಸಹಿಯಾದ ಹವಾಮಾನ ಒಡಂಬಡಿಕೆಯಲ್ಲಿಯೇ ಹೊಣೆ ಎಲ್ಲರದು, ಆದರೆ ಎಲ್ಲರಿಗೂ ಸಮನಾದುದಲ್ಲ ಎಂಬ ತತ್ವವನ್ನು ಬರೆಯಲಾಗಿದೆ, ಭಾರತ ಅದನ್ನು ಬಿಡದೆ ಹಿಡಿದು ವಾದಿಸುತ್ತ ಬಂದಿರುವುದು ಸರಿಯಾಗಿಯೇ ಇದೆ. ಇಂಥ ತತ್ವ ಆಚರಣೆಗೆ ಬರಬಲ್ಲದೆಂಬುದಕ್ಕೆ ಮಾಂಟ್ರಿಯಲ್ ಒಪ್ಪಂದವೇ ಸಾಕ್ಷಿ: ಬಡ ದೇಶಗಳು ಓಝೋನಿಗೆ ಹಾನಿ ಮಾಡದ ಹೊಸ ರಾಸಾಯನಿಕಗಳಿಗೆ ಬದಲಾಗುವ ಖರ್ಚನ್ನು ಸಿರಿವಂತ ದೇಶಗಳು ಭರಿಸಲು 1990ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಲಾಯಿತು, ಭಾರತ ಆ ಒಪ್ಪಂದವನ್ನು ಸೇರಿದ್ದು ಅನಂತರ, 1992ರಲ್ಲಿ.

ಆದರೆ ನೀವು ಬಳಸಿದ ನ್ಯಾಯವೆಂಬ ಮಾತಿಗೆ ದೇಶದ ಗಡಿಯಲ್ಲಿ ನಿಲ್ಲುವ ಸ್ವಭಾವವಿಲ್ಲ. ಎರಡು ಟನ್ ಎಂಬುದು ಸರಾಸರಿ. ಪ್ರತಿ ಕೋಣೆಗೂ ಏಸಿ ಇರುವ, ವರ್ಷಕ್ಕೆ ಹಲವು ಬಾರಿ ವಿಮಾನವೇರುವ ಬೆಂಗಳೂರಿನ ಕುಟುಂಬವೂ, ಮೇ ತಿಂಗಳ ಬಿಸಿಲಿನಲ್ಲಿ ಉದ್ಯೋಗ ಖಾತ್ರಿಯ ಕೆರೆ ಹೂಳೆತ್ತುವ ನಿಮ್ಮ ಜಿಲ್ಲೆಯ ಕೂಲಿಯವರೂ ಸೇರಿ ಆ ಸರಾಸರಿ ಆಗಿದೆ. ಬಿಸಿಲು ಏರಿದಾಗ ದಿನದ ದುಡಿಮೆ ಹೋಗುವುದು ಯಾರದು ಎಂಬುದು ನಿಮಗೇ ಗೊತ್ತಿದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ತೋಟದ ಕಾರ್ಮಿಕರ ಕುಟುಂಬಗಳು ಎಷ್ಟೋ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವ ಶೇಕಡ 7ರಷ್ಟು ಹೆಚ್ಚುತ್ತದೆ. ಆ ದಿನದ ಮಳೆ ಹವಾಮಾನ ಬದಲಾವಣೆಯ ಕಾರಣದಿಂದ ಸುಮಾರು ಶೇಕಡ 10ರಷ್ಟು ಜೋರಾಗಿತ್ತೆಂದು ಅದನ್ನು ಪರಿಶೀಲಿಸಿದ ವಿಜ್ಞಾನಿಗಳ ತಂಡ ಅಂದಾಜಿಸಿತು. ಗುಡ್ಡ ಅಗೆದದ್ದು, ಕಾಡು ಕಡಿದದ್ದು ಉಳಿದ ಕಾರಣಗಳು, ಅವುಗಳನ್ನು ಹವಾಮಾನದ ಹೆಸರಿನಲ್ಲಿ ಮರೆಸಬಾರದು. 2018ರ ಆಗಸ್ಟಿನಲ್ಲಿ ಕೊಡಗನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ವನುವಾಟುವಿನ ಪ್ರಶ್ನೆ ಹೇಗ್‌ನಲ್ಲಿ ವಿಚಾರಣೆಗೆ ಬಂದಾಗ, 2024ರ ಡಿಸೆಂಬರಿನಲ್ಲಿ, ಭಾರತ ಸಿರಿವಂತ ದೇಶಗಳ ಚಾರಿತ್ರಿಕ ಹೊಣೆಯನ್ನು ಒತ್ತಿ ಹೇಳಿತು. ಜೊತೆಗೆ ಈಗಿರುವ ಒಪ್ಪಂದಗಳನ್ನು ಮೀರಿದ ಹೊಸ ಬಾಧ್ಯತೆಗಳನ್ನು ನ್ಯಾಯಾಲಯ ಸೃಷ್ಟಿಸಬಾರದೆಂದೂ ಕೇಳಿಕೊಂಡಿತು. ಮೊದಲ ಮಾತು ನನಗೆ ಪೂರ್ತಿ ಒಪ್ಪಿಗೆ. ಎರಡನೆಯದನ್ನು ಓದಿದಾಗ ನೋವಾಯಿತು, ಏಕೆಂದರೆ ಸಿರಿವಂತರ ಎದುರಿಗೆ ನಾವು ಆಡುವ ಮಾತನ್ನೇ ಆ ಸಣ್ಣ ದ್ವೀಪಗಳು ನಮ್ಮನ್ನೂ ಸೇರಿಸಿ ಎಲ್ಲರ ಎದುರಿಗೆ ಆಡುತ್ತಿದ್ದವು. ಅದೇ ವರ್ಷದ ಮಾರ್ಚಿನಲ್ಲಿ, ದೊರೆವಾಯನ ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿವಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು, ಸಮಾನತೆಯನ್ನೂ ಜೀವಿಸುವ ಹಕ್ಕನ್ನೂ ಕೊಡುವ ಸಂವಿಧಾನದ 14 ಮತ್ತು 21ನೆಯ ವಿಧಿಗಳಲ್ಲಿ ಅಡಗಿದೆಯೆಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ಕೂಲಿಯವರಿಗೆ ಇರುವ ಹಕ್ಕು ವನುವಾಟುವಿನ ಮೀನುಗಾರರಿಗೆ ಇಲ್ಲವೆನ್ನಲು ನನಗೆ ಕಾರಣ ತೋರುವುದಿಲ್ಲ.

ನಿಮ್ಮ ಸ್ಥಾವರದ ವಿಷಯ: ನಾಳೆಯೇ ನಿಲ್ಲಿಸಿ ಎಂದು ತಿಳಿವಳಿಕೆಯುಳ್ಳ ಯಾರೂ ಹೇಳುತ್ತಿಲ್ಲ. ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದ ಬರುತ್ತಿದೆ, 2070ರ ಹೊತ್ತಿಗೆ ನಿವ್ವಳ ಹೊರಸೂಸುವಿಕೆಯನ್ನು (ಗಾಳಿಗೆ ಬಿಟ್ಟದ್ದರಲ್ಲಿ ಮರಳಿ ಹೀರಿಕೊಂಡದ್ದನ್ನು ಕಳೆದು ಉಳಿಯುವುದನ್ನು) ಶೂನ್ಯಕ್ಕೆ ಇಳಿಸುವ ಗುರಿಯನ್ನು ಭಾರತ 2021ರಲ್ಲಿ ಗ್ಲಾಸ್ಗೊದಲ್ಲಿ ಘೋಷಿಸಿದೆ. ಆ ನಡುವಿನ ದಶಕಗಳಲ್ಲಿ ನಿಮ್ಮ ಸ್ಥಾವರವಿರುವ ಶಕ್ತಿನಗರದಂಥ ಊರಿನ ಕಾರ್ಮಿಕರಿಗೂ ಬೂದಿಯ ನಡುವೆ ಬದುಕಿದವರಿಗೂ ಏನು ವ್ಯವಸ್ಥೆ ಎಂಬುದನ್ನು ಸ್ಥಾವರ ಮುಚ್ಚುವ ದಿನಕ್ಕೆ ಬಿಡದೆ ಈಗಲೇ ಬರೆದಿಡಬೇಕು.

ಪ್ರಶ್ನೆ: ಇದು ನೈತಿಕ ವಿಷಯವೆಂದಾದರೆ ಸ್ಕೂಟರಿನಲ್ಲಿ ಶಾಲೆಗೆ ಹೋಗುವ ನಾನು ಪಾಪ ಮಾಡುತ್ತಿದ್ದೇನೆಯೇ?
- ಶಿಕ್ಷಕಿ, ಹಾಸನ

ಉತ್ತರ: ಇಲ್ಲ. ಬಸ್ಸಿಲ್ಲದ ಊರಿನ ಶಿಕ್ಷಕಿಯ ಮೇಲೆ ಅಪರಾಧದ ಭಾರ ಹೊರಿಸುವುದು ನೀತಿಯಲ್ಲ. ಪ್ರತಿಯೊಬ್ಬರೂ ತಮ್ಮ ಇಂಗಾಲದ ಹೆಜ್ಜೆಗುರುತನ್ನು, ಎಂದರೆ ತಮ್ಮ ಬದುಕಿನಿಂದ ಗಾಳಿಗೆ ಸೇರುವ ಇಂಗಾಲವನ್ನು, ಎಣಿಸಿಕೊಳ್ಳಬೇಕೆಂಬ ಮಾತು ಜನಪ್ರಿಯವಾದದ್ದರಲ್ಲಿ 2000ದ ದಶಕದಲ್ಲಿ ಬಿಪಿ ಎಂಬ ತೈಲ ಕಂಪನಿ ನಡೆಸಿದ ಜಾಹೀರಾತಿನ ಪಾಲು ದೊಡ್ಡದು, ತೈಲ ಮಾರುವವರ ಹೊಣೆ ಅದರಿಂದ ಕೊಳ್ಳುವವರ ಹೆಗಲಿಗೆ ಜಾರಿತು. ಹೊಣೆಯನ್ನು ಅಳೆಯುವುದು ಆಯ್ಕೆಯ ಅವಕಾಶದಿಂದ. ಆಯ್ಕೆ ಇದ್ದಾಗ ಕಡಿಮೆ ಹೊಗೆಯದನ್ನು ಆರಿಸಿಕೊಳ್ಳಿ, ಇಲ್ಲದಿದ್ದಾಗ ನಿಮ್ಮ ಶಾಲೆಯ ದಾರಿಗೆ ಬಸ್ಸು ಬರಲೆಂದು ಊರವರನ್ನು ಸೇರಿಸಿ ಅರ್ಜಿ ಕೊಡಿ. ಎರಡನೆಯ ಕೆಲಸ ಹೆಚ್ಚಿನದು.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಸೋಲಾರ್ ಪಾರ್ಕ್ ಬಂದ ಮೇಲೆ ಜಮೀನಿದ್ದವರಿಗೆ ಬಾಡಿಗೆ ಬರುತ್ತಿದೆ, ಕೂಲಿ ಮಾಡುತ್ತಿದ್ದ ನಮ್ಮಂಥವರಿಗೆ ಕೆಲಸವಿಲ್ಲ. ಹವಾಮಾನಕ್ಕೆ ಒಳ್ಳೆಯದಾದರೆ ಇದನ್ನೆಲ್ಲ ಸಹಿಸಬೇಕೇ?
- ಓದುಗರು, ಪಾವಗಡ

ಉತ್ತರ: ಸಹಿಸಬೇಕಾಗಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರವಿದ್ಯುತ್ ಪಾರ್ಕ್ ಎದ್ದು ನಿಂತಿರುವುದು ನಾಡಿಗೆ ಹೆಮ್ಮೆಯ ವಿಷಯ. ಭೂಮಿಯನ್ನು ಕಸಿದುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು, ಎರಡು ವರ್ಷಕ್ಕೊಮ್ಮೆ ಬಾಡಿಗೆ ಏರುವಂತೆ ಮಾಡಿದ್ದು ಬೇರೆಡೆಯ ಭೂಸ್ವಾಧೀನಗಳಿಗಿಂತ ಎಷ್ಟೋ ಮೇಲು. ಬರದಿಂದ ಬೇಸತ್ತ ರೈತರಿಗೆ ಅದರಿಂದ ಉಸಿರಾಡುವಂತಾಯಿತು. ಆದರೆ ಆ ಹೊಲಗಳಲ್ಲಿ ಶೇಂಗಾ ಬಿತ್ತಿ, ಕಳೆ ತೆಗೆದು, ಕಿತ್ತು ಬಿಡಿಸಿ ಬದುಕುತ್ತಿದ್ದವರ ಹೆಸರು ಪಹಣಿಯಲ್ಲಿ ಇರಲಿಲ್ಲ. ಪಹಣಿಯಲ್ಲಿ ಇಲ್ಲದವರು ಗುತ್ತಿಗೆ ಪತ್ರದಲ್ಲಿಯೂ ಬರಲಿಲ್ಲ. ಅಲ್ಲಿ ಕುರಿ ಮೇಯಿಸುತ್ತಿದ್ದವರ ಕಥೆಯೂ ಅದೇ. ವನುವಾಟುವಿಗೆ ಆದದ್ದಕ್ಕೂ ನಿಮಗೆ ಆದದ್ದಕ್ಕೂ ಅಳತೆಯಲ್ಲಿ ವ್ಯತ್ಯಾಸವಿದೆ, ಸ್ವರೂಪ ಮಾತ್ರ ಒಂದೇ: ತೀರ್ಮಾನ ಮಾಡಿದವರು ಬೇರೆ, ಬೆಲೆ ತೆತ್ತವರು ಬೇರೆ. ಹವಾಮಾನವನ್ನು ನೈತಿಕ ಪ್ರಶ್ನೆಯೆಂದು ಒಪ್ಪಿದವರು ಸೌರಫಲಕ ಹಾಕಿದ ಮಾತ್ರಕ್ಕೆ ಅದರಿಂದ ಬಿಡುಗಡೆ ಪಡೆಯುವುದಿಲ್ಲ.

ನೀವು ಮಾಡಬಹುದಾದದ್ದು ಇದು. ಗುತ್ತಿಗೆಗೆ ಹೋದ ಪ್ರತಿ ಊರಿನಲ್ಲಿ ಹಿಂದೆ ಹೊಲಗೆಲಸದಿಂದ ಬದುಕುತ್ತಿದ್ದ ಕುಟುಂಬಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ತಯಾರಿಸಿ ನಡಾವಳಿಯಲ್ಲಿ ದಾಖಲಿಸಿ. ಫಲಕ ತೊಳೆಯುವ, ಕಳೆ ಕೀಳುವ, ಕಾವಲು ಕಾಯುವ ಕೆಲಸಗಳಲ್ಲಿ ಆ ಪಟ್ಟಿಯವರಿಗೆ ಮೊದಲ ಅವಕಾಶ ಮತ್ತು ಕನಿಷ್ಠ ವೇತನ ಸಿಗಬೇಕೆಂದು ಬರವಣಿಗೆಯಲ್ಲಿ ಕೇಳಿ. ಅದರ ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಸದಾಗಿ ಜಮೀನು ಗುತ್ತಿಗೆಗೆ ಕೇಳಿ ಯಾರಾದರೂ ಬಂದರೆ, ಭೂಮಾಲೀಕರು ಸಹಿ ಹಾಕುವ ಮೊದಲೇ ಈ ಷರತ್ತು ಪತ್ರದಲ್ಲಿ ಸೇರುವಂತೆ ನೋಡಿಕೊಳ್ಳಿ.